ಎಣ್ಣೆ ತರಬೇಕಾದವರು ಯಾರು?

"ಪ್ರಾರ್ಥನೆ ಕಡಿಮೆಯಾಗಿರಬೇಕು, ನೋಡಮ್ಮಾ."

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಭೆಗಳಲ್ಲಿ ಸಂಡೇ ಸ್ಕೂಲ್ ಟೀಚರೊಬ್ಬಳು ಬಾಯಿಬಿಟ್ಟು "ಇನ್ನು ನನ್ನಿಂದಾಗದು" ಎಂದ ದಿನ ಅವಳಿಗೆ ಸಿಗುವ ಮೊದಲ ಉತ್ತರ ಇದು. ಬಹಳ ಸಲ ಕೊನೆಯ ಉತ್ತರವೂ ಇದೇ. ನನಗೂ ಸಿಕ್ಕಿದೆ. ಹೇಳಿದವರು ಹಿರಿಯರು, ನನ್ನ ಮದುವೆಗೆ ಬಂದು ಹರಸಿದವರು, ಕೆಟ್ಟ ಮನಸ್ಸಿನವರಲ್ಲ. ಆದರೆ ಮಾತು ಕೆಟ್ಟದ್ದು. ಹದಿನೇಳು ವರ್ಷ ಮಕ್ಕಳ ಮುಂದೆ ನಿಂತವಳು ಅಂದು ಮನೆಗೆ ಬಂದು, ಕದ ಹಾಕಿಕೊಂಡು, ಮಂಡಿಯೂರಿ, ಇಲ್ಲದ ಪಾಪಕ್ಕೆ ಕ್ಷಮೆ ಕೇಳಿದೆ. ಆ ಕ್ಷಮೆ ಕೇಳಬೇಕಾದವಳು ನಾನಾಗಿರಲಿಲ್ಲ ಎಂದು ತಿಳಿಯಲು ಇನ್ನೆರಡು ವರ್ಷ ಬೇಕಾಯಿತು. ಆ ಮಾತು ತಪ್ಪು, ಸತ್ಯವೇದದ ಎದುರೇ ತಪ್ಪು ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಥ ಟೀಚರೊಬ್ಬಳ ವಾರವನ್ನು ನೋಡಿ. ಡೊಂಬಿವಲಿಯಿಂದ ಸಿಎಸ್‌ಎಮ್‌ಟಿಗೆ 50 ಕಿಲೋಮೀಟರಿನ ಆಸುಪಾಸು ದಾರಿ. ಫಾಸ್ಟ್ ಲೋಕಲ್ ಸಿಕ್ಕರೂ ಒಂದು ಗಂಟೆಯ ಮೇಲೆ, ಅದೂ ಬಾಗಿಲ ಬಳಿ ಒಂದು ಕಾಲಿಗೆ ಜಾಗ ಸಿಕ್ಕರೆ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ ಹೊರಟವಳು ರಾತ್ರಿ ಎಂಟಕ್ಕೆ ಮನೆ ಸೇರುತ್ತಾಳೆ. ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕ ಹೆಂಗಸರು ಸಂಜೆಯ ಪಲ್ಯಕ್ಕೆ ತೊಂಡೆಕಾಯಿ ಹೆಚ್ಚುತ್ತಾರೆ, ಬಟಾಣಿ ಸುಲಿಯುತ್ತಾರೆ. ನಾನು ಅದೇ ಡಬ್ಬಿಯಲ್ಲಿ ಮಡಿಲ ಮೇಲೆ ಚಾರ್ಟ್ ಪೇಪರ್ ಇಟ್ಟುಕೊಂಡು ನೋಹನ ನಾವೆಗೆ ಆನೆ, ಒಂಟೆ ಕತ್ತರಿಸಿದ್ದೇನೆ. ವಾರವಿಡೀ ಉಳಿಸಿಟ್ಟುಕೊಂಡ ದಿನ ಒಂದೇ, ಭಾನುವಾರ. ಆ ದಿನವೇ ರೈಲ್ವೆಯವರ ಮೆಗಾಬ್ಲಾಕ್. ಸಭೆಗೆ ಹೋಗುವ, ಬರುವ ಹೊತ್ತಿಗೆ ಸರಿಯಾಗಿ ಒಂದು ವಾರ ಥಾಣೆ–ಕಲ್ಯಾಣ್ ನಡುವೆ, ಇನ್ನೊಂದು ವಾರ ಹಾರ್ಬರ್ ಲೈನಿನಲ್ಲಿ ವಾಶಿ–ಪನ್ವೇಲ್ ಕಡೆ ಗಾಡಿಗಳು ರದ್ದು. ನೆರೂಲ್‌ನಿಂದ ಬರುವ ಟೀಚರ್ ರಿಕ್ಷಾ, ಬಸ್ಸು, ಮತ್ತೆ ರಿಕ್ಷಾ ಹಿಡಿದು ತಲುಪುವಷ್ಟರಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿರುತ್ತಾರೆ. ಆಗ ಒಬ್ಬ ಅಣ್ಣ ಬಂದು ಮೆಲ್ಲಗೆ, "ಸ್ವಲ್ಪ ಬೇಗ ಬರಬಾರದೇ ಟೀಚರ್?" ಎನ್ನುತ್ತಾರೆ.

ಊರಿನ ಸಂಡೇ ಸ್ಕೂಲ್ ಟೀಚರಿಗಿಲ್ಲದ ಇನ್ನೊಂದು ಹೊರೆಯೂ ಇಲ್ಲಿಯವಳ ಮೇಲಿದೆ. ನಮ್ಮಲ್ಲಿ ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿಯ ಬಾಸೆಲ್ ಮಿಶನ್ ಮನೆತನಗಳಿವೆ, ಬೀದರ್, ಕಲಬುರಗಿ ಕಡೆಯ ಮೆಥಡಿಸ್ಟ್ ಮನೆತನಗಳಿವೆ. ಅಜ್ಜ ಮಿಲ್ಲಿಗೆಂದೋ ರೈಲ್ವೆಗೆಂದೋ ಬಂದವರು, ಅಮ್ಮ ನರ್ಸ್ ಆಗಿ ಬಂದವಳು. ಮೂರನೆಯ ತಲೆಮಾರಿನ ಮಗುವಿಗೆ ಮನೆಯಲ್ಲಿ ಕನ್ನಡದ ಮಾತುಂಟು, ಅಕ್ಷರವಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಕಂಠಪಾಠದ ವಾಕ್ಯವನ್ನು ನಾವು ಬೋರ್ಡಿನ ಮೇಲೆ ದೇವನಾಗರಿಯಲ್ಲಿ ಬರೆದುಕೊಡುತ್ತೇವೆ. ಹಳೆಯ ಕನ್ನಡ ಬೈಬಲಿನ ಮಾತುಗಳನ್ನು ಮೊದಲು ನಮ್ಮ ಮನೆಮಾತಿಗೆ, ಅಲ್ಲಿಂದ ಅರ್ಧ ಇಂಗ್ಲಿಷಿಗೆ ಇಳಿಸಿ ಹೇಳುತ್ತೇವೆ. ದೇವರ ಕಥೆಯ ಜೊತೆಗೆ ಅಜ್ಜಿಯ ಭಾಷೆಯನ್ನೂ ಬದುಕಿಸಬೇಕು. ಎರಡರಲ್ಲಿ ಯಾವುದು ಸೋತರೂ "ಈಗಿನ ಟೀಚರುಗಳಿಗೆ ಆಸಕ್ತಿಯಿಲ್ಲ" ಎಂಬ ಮಾತು ಕಮಿಟಿಯಲ್ಲಿ ಬರುತ್ತದೆ.

ಇಷ್ಟಾದರೂ ಕೆಲಸದ ಭಾರವೇ ಅವಳನ್ನು ಬತ್ತಿಸುತ್ತದೆ ಎಂದು ನಾನು ವಾದಿಸುವುದಿಲ್ಲ. ಇದಕ್ಕಿಂತ ಹೆಚ್ಚಿನ ಭಾರ ಹೊತ್ತು ನಗುನಗುತ್ತಾ ಇರುವವರನ್ನು ನಾವೆಲ್ಲ ಕಂಡಿದ್ದೇವೆ. ಬತ್ತಿಸುವುದು ಬೇರೆಯದೇ ಒಂದು ವಿಷಯ. ಅದು ಎಷ್ಟು ಕಣ್ಣೆದುರಿಗಿದೆಯೆಂದರೆ ಯಾರಿಗೂ ಕಾಣುವುದಿಲ್ಲ.

ಆರಾಧನೆಯ ಹೊತ್ತಿನಲ್ಲಿ ಸಂಡೇ ಸ್ಕೂಲ್ ಟೀಚರ್ ಎಲ್ಲಿರುತ್ತಾಳೆ? ನಮ್ಮ ಬಹುತೇಕ ಸಭೆಗಳಲ್ಲಿ ಮೊದಲ ಎರಡು ಗೀತೆ ಮುಗಿಯುತ್ತಲೇ ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಅವರ ಹಿಂದೆ ಅವಳೂ ಹೊರಗೆ. ಒಂದೇ ದೇವಾಲಯವನ್ನು ಮರಾಠಿ, ತಮಿಳು, ಇಂಗ್ಲಿಷ್ ಸಭೆಗಳ ಜೊತೆ ಗಂಟೆ ಲೆಕ್ಕದಲ್ಲಿ ಹಂಚಿಕೊಂಡಿರುವ ಕಡೆ ಮಕ್ಕಳಿಗೆಂದು ಬೇರೆ ಹೊತ್ತೂ ಇಲ್ಲ, ಬೇರೆ ಕೋಣೆಯೂ ಇಲ್ಲ. ಮೆಟ್ಟಿಲ ಕೆಳಗೆ, ವರಾಂಡದಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ತರಗತಿ. ಒಳಗೆ ಪಾಪನಿವೇದನೆ, ಪ್ರಸಂಗ, ವಿಜ್ಞಾಪನೆಯ ಪ್ರಾರ್ಥನೆ ಎಲ್ಲ ನಡೆಯುವಾಗ ಅವಳು ಹೊರಗೆ ಕ್ರೇಯಾನ್ ಹಂಚುತ್ತಿರುತ್ತಾಳೆ. ವರ್ಷಕ್ಕೆ 52 ಭಾನುವಾರ. ಕರ್ತನ ಭೋಜನದ ಭಾನುವಾರಗಳನ್ನೂ ಹಬ್ಬಗಳನ್ನೂ ಬಿಟ್ಟರೆ ನಾನು ಪೂರ್ತಿ ಕೂತು ಕೇಳಿದ ಆರಾಧನೆಗಳನ್ನು ಒಂದು ವರ್ಷ ಎಣಿಸಿದೆ. ಮೂರು. ಅದರಲ್ಲಿ ಒಂದು ದಿನ ಮಳೆಯಿಂದಾಗಿ ಮಕ್ಕಳೇ ಬಂದಿರಲಿಲ್ಲ.

ಇದನ್ನು ಹತ್ತು ವರ್ಷಕ್ಕೆ ಗುಣಿಸಿ. ವಾಕ್ಯ ಕೇಳಿ ವಿಶ್ವಾಸ ಬೆಳೆಯುತ್ತದೆಂದು ಬೋಧಿಸುವ ಸಭೆ, ತನ್ನ ಮಕ್ಕಳಿಗೆ ವಾಕ್ಯ ಕಲಿಸುವವಳನ್ನೇ ಹತ್ತು ವರ್ಷ ವಾಕ್ಯ ಕೇಳದ ಹಾಗೆ ಬಾಗಿಲಾಚೆ ನಿಲ್ಲಿಸಿದೆ. ಆಮೇಲೆ ಅವಳು ಒಣಗಿದಳೆಂದು ಆಶ್ಚರ್ಯಪಡುತ್ತದೆ, ಅವಳ ಪ್ರಾರ್ಥನಾ ಜೀವನವನ್ನು ವಿಚಾರಿಸುತ್ತದೆ! ಕ್ಯಾಥೊಲಿಕ್ ಗೆಳತಿಯರೊಂದಿಗೆ ಇದನ್ನು ಮಾತಾಡಿದಾಗ, ದೊತೊರ್ನ್ (ಮಕ್ಕಳ ಧರ್ಮಪಾಠ) ಕಲಿಸುವ ಅವರು ಮಕ್ಕಳ ಜೊತೆಗೇ ಪೂಜೆಯಲ್ಲಿ ಕೂರುತ್ತಾರೆ, ಪಾಠ ಆಮೇಲೆ ಎಂದರು. ದಣಿವು ಅವರಿಗೂ ಇದೆ, ಆದರೆ ಈ ಹಸಿವಿಲ್ಲ. ದಣಿದವಳು ಮಲಗಿ ಎದ್ದರೆ ಸರಿಹೋಗುತ್ತಾಳೆ, ಹಸಿದವಳು ಎಷ್ಟು ಮಲಗಿದರೂ ಏಳುವುದಿಲ್ಲ.

ನಮ್ಮವರಿಗೆ ಮೇಣದಬತ್ತಿಯ ಉಪಮೆ ಬಹಳ ಇಷ್ಟ. ತಾನು ಕರಗಿ ಬೆಳಕು ಕೊಡುವುದಂತೆ, ಸೇವಕರೂ ಹಾಗೇ ಇರಬೇಕಂತೆ. ಟೀಚರುಗಳಿಗೆ ಶಾಲು ಹೊದಿಸುವ ವರ್ಷಕ್ಕೊಂದು ದಿನ ಈ ಮಾತು ತಪ್ಪದೆ ಬರುತ್ತದೆ. ಸತ್ಯವೇದದ ದೀಪ ಮೇಣದ್ದಲ್ಲ, ಎಣ್ಣೆಯದು. ಎಣ್ಣೆದೀಪ ಹಚ್ಚಿ ಬಲ್ಲವರಿಗೆ ಗೊತ್ತು, ಎಣ್ಣೆ ಇರುವ ತನಕ ಉರಿಯುವುದು ಎಣ್ಣೆ. ಬತ್ತಿ ಅದನ್ನು ಮೇಲಕ್ಕೆ ಹೀರಿಕೊಡುತ್ತದೆ ಅಷ್ಟೇ, ತಾನು ಅಷ್ಟಾಗಿ ಸವೆಯುವುದಿಲ್ಲ. ಎಣ್ಣೆ ಮುಗಿದ ಮೇಲೆ ಬತ್ತಿಯೇ ಉರಿಯತೊಡಗುತ್ತದೆ, ಹೊಗೆ ಬರುತ್ತದೆ, ಕಮಟು ವಾಸನೆ ಬರುತ್ತದೆ. ನಾವು ಆ ಹೊಗೆಯನ್ನು ನೋಡಿ ಬತ್ತಿಯ ಭಕ್ತಿಯನ್ನು ಶಂಕಿಸುತ್ತೇವೆ. ವಿಮೋಚನಕಾಂಡದ 27ನೇ ಅಧ್ಯಾಯದ ಕೊನೆಗೆ ಗುಡಾರದ ದೀಪದ ಅಪ್ಪಣೆಯಿದೆ, ತೆರೆದು ನೋಡಿ. ದೀಪವನ್ನು ಸರಿಪಡಿಸುವ ಕೆಲಸ ಆರೋನನದೂ ಅವನ ಮಕ್ಕಳದೂ. ಎಣ್ಣೆ ತರುವ ಕೆಲಸ ಅವರದಲ್ಲ, ಇಸ್ರಾಯೇಲಿನ ಜನರದು. ಬೆಂಚಿನ ಮೇಲೆ ಕೂತ ಎಲ್ಲರದು.

ಇನ್ನು ಪ್ರವಾದಿ ಎಲೀಯ. 1 ಅರಸುಗಳು 19ನೇ ಅಧ್ಯಾಯವನ್ನು ಮಕ್ಕಳಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಬಿರುಗಾಳಿ, ಭೂಕಂಪ, ಬೆಂಕಿ, ಮೆಲುದನಿಯ ಭಾಗಕ್ಕೆ ಓಡಿದ್ದೇನೆ. ಅದಕ್ಕೂ ಮೊದಲು ನಡೆದದ್ದನ್ನು ನನಗಾಗಿ ಓದಿದ್ದು ನಾನೇ ಅವನಂತೆ ಸೋತು ಬಿದ್ದ ಮೇಲೆ. ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಗೆದ್ದವನು, ಅದರ ಬೆನ್ನಿಗೇ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಮರಳುಗಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ಪ್ರಾರ್ಥನೆ ಕಡಿಮೆಯಾಗಿತ್ತೇ? ಆಕಾಶದಿಂದ ಬೆಂಕಿ ಇಳಿಸಿದ ಪ್ರಾರ್ಥನೆ ಅವನದು! ದೇವರು ಅವನನ್ನು ಗದರಲಿಲ್ಲ, ಉಪವಾಸ ಹೇಳಲಿಲ್ಲ. ಮಲಗಲು ಬಿಟ್ಟರು. ದೂತನೊಬ್ಬ ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದ. ತಿಂದು, ಕುಡಿದು, ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಒಪ್ಪಿಗೆಯ ಮಾತಿನೊಂದಿಗೆ. ನಲವತ್ತು ದಿನ ನಡೆದು ಹೋರೇಬ್ ಮುಟ್ಟಿದ ಮೇಲೆ ಮೆಲುದನಿ. ಆ ಮೆಲುದನಿ ಕೊನೆಗೆ ಕೊಟ್ಟದ್ದು ಏನು? ನೀನು ಒಬ್ಬನೇ ಅಲ್ಲ, 7000 ಮಂದಿ ಉಳಿದಿದ್ದಾರೆ ಎಂಬ ಲೆಕ್ಕ. ಮತ್ತು ಎಲೀಷನೆಂಬ ಒಬ್ಬ ಆಳು, ಅವನ ಕೆಲಸವನ್ನು ಹೊರಲು. ದೇವರ ಕ್ರಮ ಹೀಗೆ: ನಿದ್ದೆ, ರೊಟ್ಟಿ, ಆಮೇಲೆ ಮಾತು, ಕೊನೆಗೆ ಜೊತೆಗಾರ. ನಮ್ಮ ಕಮಿಟಿಗಳು ಮಾತಿನಿಂದ ಶುರುಮಾಡುತ್ತವೆ, ಮಾತಿನಲ್ಲೇ ಮುಗಿಸುತ್ತವೆ.

ನಮ್ಮನ್ನು ಸುಮ್ಮನಾಗಿಸಲು ಬಳಸುವ ವಾಕ್ಯಗಳಿಗೂ ಉತ್ತರ ಕೊಡಬೇಕು. ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಗೊಳ್ಳಬಾರದೆಂಬ ಪೌಲನ ಮಾತು ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 9ನೇ ವಚನ. ಅದನ್ನು ನನಗೆ ಎಷ್ಟು ಜನ ಹೇಳಿದ್ದಾರೋ! ಅದೇ ಅಧ್ಯಾಯದ 2ನೇ ವಚನ ಒಬ್ಬರ ಭಾರವನ್ನೊಬ್ಬರು ಹೊರಲು ಹೇಳುತ್ತದೆ. 6ನೇ ವಚನ, ವಾಕ್ಯದ ಉಪದೇಶ ಪಡೆಯುವವನು ಉಪದೇಶ ಕೊಡುವವನಿಗೆ ತನ್ನ ಒಳ್ಳೆಯದರಲ್ಲಿ ಪಾಲು ಕೊಡಬೇಕೆನ್ನುತ್ತದೆ. ಅವೆರಡನ್ನು ದಾಟಿ ಬಂದ ಮೇಲೆ 9ನೆಯದು. ನಮ್ಮಲ್ಲಿ ಪುಟ ಯಾವಾಗಲೂ 9ಕ್ಕೇ ತೆರೆದುಕೊಳ್ಳುತ್ತದೆ. ಕೀರ್ತನೆ 127ರ ಗತಿಯೂ ಇದೇ. ಮಕ್ಕಳು ಕರ್ತನು ಕೊಟ್ಟ ಸ್ವಾಸ್ತ್ಯವೆಂಬ ಅದರ 3ನೇ ವಚನ ವಿಬಿಎಸ್ (ರಜೆಯ ಬೈಬಲ್ ಶಾಲೆ) ಬ್ಯಾನರುಗಳ ಮೇಲೆ ದೊಡ್ಡಕ್ಷರದಲ್ಲಿ ಇರುತ್ತದೆ. ಅದರ ಹಿಂದಿನ ವಚನ, ಬೇಗ ಎದ್ದು ತಡವಾಗಿ ಮಲಗಿ ಕಷ್ಟದ ಅನ್ನ ಉಣ್ಣುವುದು ವ್ಯರ್ಥ, ತನ್ನ ಪ್ರಿಯರಿಗೆ ದೇವರು ನಿದ್ದೆ ಕೊಡುತ್ತಾನೆ ಎನ್ನುವಂಥದ್ದು. ಕಲ್ಯಾಣದ ಮೊದಲ ಲೋಕಲ್ ಹಿಡಿಯುವ ಹೆಂಗಸಿಗೆ ಇದಕ್ಕಿಂತ ಹತ್ತಿರದ ವಚನ ಇದೆಯೇ? ಅದನ್ನು ಯಾವ ಬ್ಯಾನರಿನ ಮೇಲೂ ನಾನು ಕಂಡಿಲ್ಲ.

"ಇದು ದೇವರ ಸೇವೆ, ಆಫೀಸಿನ ಡ್ಯೂಟಿ ಅಲ್ಲ. ಗಂಟೆ ಎಣಿಸುವುದು ಲೋಕದವರ ರೀತಿ." ಈ ಆಕ್ಷೇಪವನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಬಹಳ ವರ್ಷ ನಾನೂ ಅದನ್ನೇ ನಂಬಿದ್ದೆ. ಆದರೆ ಪುಕ್ಕಟೆ ಸೇವೆಯೇ ಪವಿತ್ರ ಸೇವೆ ಎಂಬುದು ನಮ್ಮ ಹಿರಿಯರ ನಂಬಿಕೆಯಾಗಿರಲಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ವಾರವೆಲ್ಲ ದುಡಿಯುವ ಬಡಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದ ಪತ್ರಿಕಾ ಸಂಪಾದಕ ರಾಬರ್ಟ್ ರೈಕ್ಸ್, ಕಲಿಸುವ ಹೆಂಗಸರಿಗೆ ಭಾನುವಾರಕ್ಕೊಂದು ಶಿಲ್ಲಿಂಗ್ ಕೊಟ್ಟ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್, ನಾವು ಮಾತುಮಾತಿಗೆ ಹೆಮ್ಮೆಯಿಂದ ಹೆಸರಿಸುವ ಆ ಮಿಶನ್, ತನ್ನ ಉಪದೇಶಿಗಳಿಗೂ ಶಾಲಾ ಮಾಸ್ತರರಿಗೂ ಸಂಬಳ ಕೊಡುತ್ತಿತ್ತು. ನಾನು ಸಂಬಳ ಕೇಳುತ್ತಿಲ್ಲ. ಕಲಿಸುವವರನ್ನು ಉಳಿಸಿಕೊಳ್ಳಲು ಸಭೆ ಏನಾದರೂ ತೆರಬೇಕೆಂಬ ತಿಳಿವಳಿಕೆ ಅವರಿಗಿತ್ತು, ನಮಗೆ ತಪ್ಪಿಹೋಗಿದೆ ಎನ್ನುತ್ತಿದ್ದೇನೆ. ಚಾರ್ಟ್ ಪೇಪರಿಗೆ, ಕ್ರೇಯಾನಿಗೆ, ಬಹುಮಾನದ ಪೆನ್ಸಿಲಿಗೆ ಟೀಚರ್ ತನ್ನ ಪರ್ಸಿನಿಂದಲೇ ಹಣ ಹಾಕುತ್ತಾಳೆ. ಕ್ರಿಸ್ಮಸ್ ಸ್ಟೇಜಿನ ಲೈಟಿಂಗಿಗೆ ಬಜೆಟ್ ಇರುತ್ತದೆ.

ಬರ್ನ್‌ಔಟ್ ಎಂಬ ಮಾತು ಕಂಪನಿಗಳ ದೊಡ್ಡ ಸಂಬಳದವರ ರೋಗವೆಂದು ತಿಳಿದವರಿಗೂ ಒಂದು ಮಾತು. 1974ರಲ್ಲಿ ಆ ಹೆಸರಿನಲ್ಲಿ ಬರೆದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅದನ್ನು ಕಂಡದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ, ಪುಕ್ಕಟೆ ದುಡಿಯುತ್ತಿದ್ದ ಸೇವಾಕರ್ತರಲ್ಲಿ. ಅವನೂ ಹಗಲಿನ ಕೆಲಸ ಮುಗಿಸಿ ಅಲ್ಲಿಗೆ ಬರುತ್ತಿದ್ದವನೇ. ಹೆಚ್ಚು ಪ್ರೀತಿಯಿಂದ ಬಂದವರೇ ಮೊದಲು ಸುಟ್ಟುಹೋದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದರ ಲಕ್ಷಣಗಳನ್ನು ಬಿಡಿಸಿ ಹೇಳಿದೆ: ತೀರದ ದಣಿವು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಅದನ್ನು ರೋಗವೆನ್ನಲಿಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಬರುವ ಸ್ಥಿತಿ ಎಂದಿತು. ಎರಡನೆಯ ಲಕ್ಷಣ ನನ್ನನ್ನು ಹೆದರಿಸಿದ್ದು. ಒಂದು ಭಾನುವಾರ ಮೂವತ್ತರ ಬದಲು ಹನ್ನೊಂದು ಮಕ್ಕಳು ಬಂದಾಗ ನನಗೆ ಹಗುರವೆನಿಸಿತು. ಬಾರದ ಹತ್ತೊಂಬತ್ತು ಮಕ್ಕಳಲ್ಲಿ ಒಬ್ಬಳು ಟೈಫಾಯ್ಡ್ ಆಗಿ ಮನೆಯಲ್ಲಿ ಮಲಗಿದ್ದಳು. ಅದು ತಿಳಿದದ್ದು ಮೂರನೆಯ ವಾರ. ಕೇಳಬೇಕೆಂದು ನನಗೆ ಅನಿಸಿಯೇ ಇರಲಿಲ್ಲ.

ಸಭೆಗಳಿಗೆ ಗೊತ್ತಿರುವ ಮದ್ದು ಒಂದೇ, ರಿಟ್ರೀಟ್. ಲೋಣಾವಳಕ್ಕೋ ಕರ್ಜತಿಗೋ ಬಸ್ಸು ಹೊರಡುತ್ತದೆ. ಬೆಳಿಗ್ಗೆ ಐದೂವರೆಗೆ ಪ್ರಾತಃಪ್ರಾರ್ಥನೆ, ರಾತ್ರಿ ಹತ್ತಕ್ಕೆ ಸಾಕ್ಷಿ ಹೇಳುವ ಕೂಟ, ನಡುವೆ ನಾಲ್ಕು ಪ್ರಸಂಗ. ವಿಷಯ "ಆತ್ಮಿಕ ನವೀಕರಣ". ಕಡೆಯಲ್ಲಿ ಎಲ್ಲರೂ ಎದ್ದು ನಿಂತು ಇನ್ನಷ್ಟು ಸೇವೆ ಮಾಡುವ ಪ್ರತಿಜ್ಞೆ. ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ಶನಿವಾರದ ರಜೆ ಕೊಟ್ಟು ಹೋದವಳು ಇನ್ನೊಂದು ಹೊರೆಯೊಂದಿಗೆ ಮರಳುತ್ತಾಳೆ. ಸೋಮವಾರ ಮತ್ತೆ ಅದೇ ಲೋಕಲ್. ಮೇ ತಿಂಗಳದೂ ಇದೇ ಕಥೆ. ಅಕ್ಕಪಕ್ಕದವರೆಲ್ಲ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಊರಿಗೆ ಹೋಗಿ ಹಲಸಿನಹಣ್ಣು ತಿನ್ನುವಾಗ, ಅವಳು ವರ್ಷದ ರಜೆಯನ್ನು ವಿಬಿಎಸ್‌ಗೆ ಸುರಿದು ಸೆಖೆಯಲ್ಲಿ ಆ್ಯಕ್ಷನ್ ಸಾಂಗ್ ಕಲಿಸುತ್ತಿರುತ್ತಾಳೆ. ನಾನು ಐದು ಮೇ ತಿಂಗಳು ಅಮ್ಮನ ಮುಖ ನೋಡಿರಲಿಲ್ಲ. ಆರನೆಯ ವರ್ಷ ಹೋದದ್ದು ಮಣ್ಣಿಗೆ.

"ಜನರಿಲ್ಲ" ಎನ್ನುತ್ತಾರೆ. ಇದೇ ಕೊನೆಯ ಕೋಟೆ, ಇದು ಮಾತ್ರ ಸುಳ್ಳು. ಕಾಯರಿಗೆ ಜನರಿದ್ದಾರೆ, ಕಮಿಟಿ ಚುನಾವಣೆಗೆ ಒಂದು ಸ್ಥಾನಕ್ಕೆ ಮೂವರು ನಿಲ್ಲುತ್ತಾರೆ. ನಾನು ಕಂಡ ಸಭೆಗಳಲ್ಲಿ ಮಕ್ಕಳ ಕೆಲಸಕ್ಕೆ ನಿಂತವರು ಹೆಂಗಸರು, ಆ ಹೆಂಗಸರ ಬಗ್ಗೆ ತೀರ್ಮಾನಿಸುವವರು ಗಂಡಸರು. ನಿವೃತ್ತಿಯಾದ ಬ್ಯಾಂಕ್ ಅಧಿಕಾರಿ, ಕಾಲೇಜಿಗೆ ಹೋಗುವ ತಮ್ಮಂದಿರು, ಮಕ್ಕಳ ಅಪ್ಪಂದಿರು ತಿಂಗಳಿಗೊಂದು ಭಾನುವಾರ ಮಕ್ಕಳ ನಡುವೆ ಕೂತರೆ ಟೀಚರುಗಳು ಸರದಿಯಂತೆ ಆರಾಧನೆಯೊಳಗೆ ಇರಬಹುದು. ಅವರಿಗೆ ಕನ್ನಡ ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಮಕ್ಕಳಿಗೂ ಬಾರದು, ಒಟ್ಟಿಗೆ ಕಲಿಯಲಿ. ಒಬ್ಬಳೇ ಹೆಂಗಸಿನ ವಶಕ್ಕೆ ಮೂವತ್ತು ಮಕ್ಕಳನ್ನು ಬಿಟ್ಟು ಬಾಗಿಲು ಮುಚ್ಚಿಕೊಳ್ಳುವುದು ಮಕ್ಕಳ ಸುರಕ್ಷೆಗೂ ವಿರುದ್ಧ. 2012ರಲ್ಲಿ ಪೋಕ್ಸೋ ಕಾಯ್ದೆ ಬಂದ ಈ ದೇಶದಲ್ಲಿ ಯಾವ ಸಭೆಗೂ ಅಷ್ಟು ನಿಶ್ಚಿಂತೆ ಸಲ್ಲದು. ಪ್ರತಿ ತರಗತಿಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕು.

ಬಿಡುವ ಹಕ್ಕೂ ಬೇಕು. ಲೇವಿಯರು ಗುಡಾರದ ಸೇವೆಗೆ 25ನೇ ವಯಸ್ಸಿನಲ್ಲಿ ಸೇರಿ 50ಕ್ಕೆ ಆ ದುಡಿಮೆಯಿಂದ ಬಿಡುಗಡೆ ಹೊಂದಬೇಕೆಂದು ಅರಣ್ಯಕಾಂಡದ 8ನೇ ಅಧ್ಯಾಯದಲ್ಲಿ ದೇವರೇ ಹೇಳಿದ್ದಾರೆ. ಆಮೇಲೆ ಸಹೋದರರಿಗೆ ಒತ್ತಾಸೆಯಾಗಿರಬಹುದು, ಹೊರೆ ಹೊರಬೇಕಿಲ್ಲ. ಏಳನೆಯ ವರ್ಷ ಹೊಲಕ್ಕೂ ವಿಶ್ರಾಂತಿ ಕೊಟ್ಟ ದೇವರು ಅವರು. ನಮ್ಮ ಸಂಡೇ ಸ್ಕೂಲಿನಿಂದ ಬಿಡುಗಡೆಯಾಗಲು ಇರುವ ಗೌರವದ ದಾರಿಗಳು ಎರಡೇ, ಮದುವೆಯಾಗಿ ಬೇರೆ ಊರಿಗೆ ಹೋಗುವುದು ಅಥವಾ ಆಸ್ಪತ್ರೆ ಸೇರುವುದು. ನಡುವೆ ಸುಮ್ಮನೆ "ಒಂದು ವರ್ಷ ಸಾಕು" ಎಂದವಳನ್ನು ಹಿಂಜರಿದವಳೆಂದು ಗುರುತಿಸುತ್ತಾರೆ. ಹಾಗೆ ಗುರುತಿಸಿಕೊಂಡ ಮೂವರು ಟೀಚರುಗಳನ್ನು ನಾನು ಬಲ್ಲೆ. ಇಬ್ಬರು ಈಗ ಯಾವ ಸಭೆಗೂ ಹೋಗುವುದಿಲ್ಲ. ಆರಿಹೋಗುತ್ತಿರುವ ಬತ್ತಿಯನ್ನು ನಂದಿಸದವನು ಎಂದು ಯೆಶಾಯನು ಯಾರ ಬಗ್ಗೆ ಹೇಳಿದನೋ ಅವನ ಹೆಸರಿನ ಸಭೆಯಲ್ಲೇ ಅವರನ್ನು ಊದಿ ನಂದಿಸಿದ್ದು.

ನಾನು ಉಳಿದದ್ದು ಒಬ್ಬ ಅಕ್ಕನಿಂದ. ಕಾಯರಿನಲ್ಲಿ ಆಲ್ಟೋ ಹಾಡುವವರು, ಐರೋಲಿಯಿಂದ ಬರುತ್ತಾರೆ, ಮಕ್ಕಳ ಕೆಲಸ ಎಂದೂ ಮಾಡಿದವರಲ್ಲ. ಒಂದು ಭಾನುವಾರ ಎರಡನೆಯ ಗೀತೆ ಮುಗಿದು ನಾನು ಚೀಲ ಹಿಡಿದು ಎದ್ದಾಗ ನನ್ನ ಕೈಯಿಂದ ಆ ಚೀಲ ತೆಗೆದುಕೊಂಡು, "ಇವತ್ತು ನೀನು ಕೂರು. ಕಥೆ ಯಾವುದು ಹೇಳು, ನಾನು ಹೇಗೋ ಮಾಡ್ತೇನೆ" ಎಂದರು. ಪ್ರಾರ್ಥನೆಯ ಮಾತಿಲ್ಲ, ವಚನವಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಗೋಡೆಗೊರಗಿ ಕೂತೆ. ಪಾಪನಿವೇದನೆಯ ಮಾತುಗಳನ್ನು ಎಲ್ಲರ ಜೊತೆ ದನಿಗೂಡಿಸಿ ಹೇಳಿದೆ, ಪಾಠ ಕೇಳಿದೆ. ಪ್ರಸಂಗ ಶುರುವಾಗಿ ಸ್ವಲ್ಪ ಹೊತ್ತಿಗೆ ನಿದ್ದೆ ಬಂತು. ಎಷ್ಟೋ ತಿಂಗಳ ನಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನನ್ನು ಎಬ್ಬಿಸಲಿಲ್ಲ, ಫ್ಯಾನಿನ ಗಾಳಿ ತಾಗದಂತೆ ತನ್ನ ಸೆರಗನ್ನು ನನ್ನ ಹೆಗಲ ಮೇಲೆ ಎಳೆದರು. ಕಣ್ಣು ಬಿಟ್ಟಾಗ ಆಶೀರ್ವಾದ ನಡೆಯುತ್ತಿತ್ತು. ಹೊರಗಿನಿಂದ ಮಕ್ಕಳು ಹಾಡುತ್ತಿರುವುದು ಕೇಳುತ್ತಿತ್ತು, ಅಕ್ಕ ಅವರಿಗೆ ಎರಡನೆಯ ದನಿ ಕಲಿಸಿದ್ದರು.